ಡಿಒ ಮೀಟರ್ ಜಾಸ್ತಿ ತೋರಿಸುತ್ತಿದ್ದುದು ಯಾಕೆ?

ಡಿಒ ಮೀಟರ್ ಅಂದರೆ ನೀರಿನಲ್ಲಿ ಕರಗಿರುವ ಆಮ್ಲಜನಕ ಅಳೆಯುವ ಉಪಕರಣ. ಮೈಸೂರಿನ ನಮ್ಮ ಮೀನಿನ ತೊಟ್ಟಿಯಲ್ಲಿ ಅದು ಆಮ್ಲಜನಕ ಬೇಕಾದಷ್ಟಿದೆ ಎನ್ನುತ್ತಿತ್ತು. ಮೀನುಗಳು ಮಾತ್ರ ಬೆಳಗಿನ ಜಾವ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಮೀನು ಸುಳ್ಳು ಹೇಳುವುದಿಲ್ಲ, ಅಲ್ವಾ?

ಸೋಡಿಯಂ ಸಲ್ಫೈಟ್ ಕರಗಿಸಿದ ನೀರಿನಲ್ಲಿ ಆಮ್ಲಜನಕ ಉಳಿಯುವುದಿಲ್ಲ. ಮೀಟರಿನ ತುದಿಯನ್ನು ಅದರಲ್ಲಿ ಅದ್ದಿದರೆ ಸೊನ್ನೆ ಬರಬೇಕು, ಆದರೆ 0.8 ಬಂತು. ಬಿಚ್ಚಿ ನೋಡಿದರೆ ತುದಿಯ ತೆಳು ಪೊರೆಯ ಕೆಳಗೆ, ದ್ರಾವಣ ಇರಬೇಕಾದಲ್ಲಿ, ಸಣ್ಣ ಗಾಳಿಗುಳ್ಳೆ! ಹೊಸ ದ್ರಾವಣ ತುಂಬಿ, ಹೊಸ ಪೊರೆ ಹಾಕಿ, ಕಾಲು ಗಂಟೆ ಆನ್ ಮಾಡಿ ಬಿಟ್ಟೆ. ಸೊನ್ನೆ ಸರಿಯಾಯಿತು.

ಇನ್ನೊಂದು ತಪ್ಪು ನನ್ನದೇ. ಮೀಟರಿನಲ್ಲಿ ಗಾಳಿಯ ಒತ್ತಡ ತುಂಬುವ ಜಾಗದಲ್ಲಿ ಹವಾಮಾನ ಆ್ಯಪ್ ತೋರಿಸಿದ 1012 ಅನ್ನು ಸುಮ್ನೆ ಹಾಕಿದ್ದೆ. ಅದು ಸಮುದ್ರಮಟ್ಟಕ್ಕೆ ಹೊಂದಿಸಿದ ಲೆಕ್ಕ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿನ ನಿಜವಾದ ಒತ್ತಡ 925 ಹೆಕ್ಟೊಪಾಸ್ಕಲ್ ಆಸುಪಾಸು. ಅದನ್ನು ಹಾಕಿ, ಒದ್ದೆ ಗಾಳಿಯಲ್ಲಿಟ್ಟು ಮೀಟರನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿದೆ, ಅಂದರೆ ಅಳತೆ ಸರಿಹೊಂದಿಸಿದೆ. 25 ಡಿಗ್ರಿಯಲ್ಲಿ ಲೀಟರಿಗೆ 8.3 ಬದಲು 7.5 ಮಿಲಿಗ್ರಾಂ ಬಂತು. ಈಗ ನೀರಿಗೆ ಗಾಳಿ ಬೆರೆಸುವ ಏರೇಟರ್ ಬೆಳಗಿನ 3ಕ್ಕೇ ಶುರು.