ತ್ರಿಯೇಕ ದೇವರನ್ನು ಒಪ್ಪದವರೊಂದಿಗೆ ವಾದಕ್ಕೆ ಕೂರುವವರಿಗೆ

ಮಾತಿಗೆ ಕೂರುವ ಮೊದಲು ಹಾಳೆಯೊಂದರ ಮೇಲೆ ಮೂರು ವಾಕ್ಯ ಬರೆದಿಟ್ಟುಕೊಳ್ಳಿ. ದೇವರು ಒಬ್ಬನೇ. ತಂದೆ, ಮಗ, ಪವಿತ್ರಾತ್ಮ ಇವರಲ್ಲಿ ಪ್ರತಿಯೊಬ್ಬರೂ ಪೂರ್ಣವಾಗಿ ದೇವರು. ತಂದೆ ಮಗನಲ್ಲ, ಮಗ ಪವಿತ್ರಾತ್ಮನಲ್ಲ, ಪವಿತ್ರಾತ್ಮ ತಂದೆಯಲ್ಲ. ಮೂರನ್ನೂ ಒಟ್ಟಿಗೆ ಹಿಡಿದರೆ ಮಾತ್ರ ಅದು ತ್ರಿಯೇಕತ್ವ. ವಾದ ಕೆಡುವುದು ಬಹುಪಾಲು ಇಲ್ಲೇ: ಒಂದು ವಾಕ್ಯವನ್ನು ಕಾಪಾಡುವ ಭರದಲ್ಲಿ ಸಮರ್ಥಿಸುವವರು ಇನ್ನೊಂದನ್ನು ಕೈಬಿಟ್ಟಿರುತ್ತಾರೆ, ಅದು ಅವರ ಗಮನಕ್ಕೂ ಬಂದಿರುವುದಿಲ್ಲ.

"ಒಂದು ಮೂರಾಗುವುದು ಹೇಗೆ?" ಎಂಬ ಪ್ರಶ್ನೆ ಮೊದಲ ಐದು ನಿಮಿಷದಲ್ಲೇ ಬರುತ್ತದೆ. ಒಬ್ಬ ದೇವರೇ ಮೂವರು ದೇವರುಗಳು ಎಂದಿದ್ದರೆ ಅದು ಸ್ವವಿರೋಧ. ಒಬ್ಬ ವ್ಯಕ್ತಿಯೇ ಮೂವರು ವ್ಯಕ್ತಿಗಳು ಎಂದಿದ್ದರೂ ಹಾಗೆಯೇ. ಸಿದ್ಧಾಂತ ಹೇಳುವುದು ಸತ್ವ (ದೇವರು ಏನು ಎಂಬುದು) ಒಂದು, ವ್ಯಕ್ತಿಗಳು (ಯಾರು ಎಂಬುದು) ಮೂವರು ಎಂದು. ಈ ಉತ್ತರದಿಂದ ತ್ರಿಯೇಕತ್ವ ಸಾಬೀತಾಗುವುದಿಲ್ಲ; ತರ್ಕಕ್ಕೇ ನಿಲ್ಲದ ಮಾತು ಎಂಬ ಆರೋಪವಷ್ಟೇ ಬಿದ್ದುಹೋಗುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಎಳೆಯಲು ಹೋಗಬೇಡಿ.

ಇಲ್ಲಿ ಸಿಕ್ಕಿಬಿದ್ದವರು ತಕ್ಷಣ ನೀರು, ಮಂಜುಗಡ್ಡೆ, ಆವಿಯ ಉಪಮೆಗೆ ಕೈಹಾಕುತ್ತಾರೆ. ದಯವಿಟ್ಟು ಬೇಡ. ಒಂದೇ ನೀರು ಮೂರು ರೂಪ ತಾಳುತ್ತದೆ ಎಂದರೆ ಒಬ್ಬನೇ ದೇವರು ಮೂರು ವೇಷ ಹಾಕುತ್ತಾನೆ ಎಂದಂತಾಯಿತು. 3ನೆಯ ಶತಮಾನದಲ್ಲಿ ಸಬೆಲ್ಲಿಯಸ್‌ನ ಹೆಸರಿಗೆ ಅಂಟಿಕೊಂಡ, ಸಭೆ ತಿರಸ್ಕರಿಸಿದ ಬೋಧನೆ ಅದೇ. ಮೊಟ್ಟೆಯ ಉಪಮೆಯಲ್ಲಿ ಚಿಪ್ಪು ಮೊಟ್ಟೆಯ ಒಂದು ಭಾಗ ಮಾತ್ರ, ಆದರೆ ಮಗ ದೇವರ ಮೂರನೇ ಒಂದು ಭಾಗವಲ್ಲ. ಉಪಮೆಯ ಬದಲು ಮತ್ತಾಯ 3:16–17 ಓದಿ. ಮಗ ನೀರಿನಿಂದ ಮೇಲೆ ಬರುತ್ತಾನೆ, ಆತ್ಮ ಇಳಿದು ಬರುತ್ತಾನೆ, ತಂದೆಯ ಧ್ವನಿ ಪರಲೋಕದಿಂದ ಕೇಳಿಸುತ್ತದೆ.

ಆಮೇಲೆ ಎದುರಿನವರನ್ನು ಕೇಳಿ: ಈ ಮೂರರಲ್ಲಿ ಯಾವುದು ನಿಮಗೆ ಒಪ್ಪಿಗೆಯಿಲ್ಲ? ಯೆಹೋವನ ಸಾಕ್ಷಿಗಳು ಎರಡನೆಯದನ್ನು ಅಳಿಸುತ್ತಾರೆ. ಅವರಿಗೆ ಮಗನು ಮೊದಲ ಸೃಷ್ಟಿ, ಪ್ರಧಾನ ದೂತನಾದ ಮೀಕಾಯೇಲನೇ ಆತನು. ಪವಿತ್ರಾತ್ಮ ಎಂದರೆ ದೇವರ ಕಾರ್ಯಕಾರಿ ಶಕ್ತಿ. ಯೂನಿಟೇರಿಯನ್ನರೂ ಎರಡನೆಯದನ್ನೇ ಬಿಡುತ್ತಾರೆ, ಆದರೆ ಅವರಲ್ಲಿ ಬಹುಮಂದಿಗೆ ಯೇಸು ಮರಿಯಳ ಗರ್ಭಕ್ಕೆ ಮೊದಲು ಇರಲೇ ಇಲ್ಲ. ಯೇಸುವಿನ ಹೆಸರಿನಲ್ಲಿ ಮಾತ್ರ ದೀಕ್ಷಾಸ್ನಾನ ಕೊಡುವ ಒನ್‌ನೆಸ್ ಪೆಂಟೆಕೋಸ್ಟಲರು ಮೂರನೆಯದನ್ನು ನಿರಾಕರಿಸುತ್ತಾರೆ: ತಂದೆಯೂ ಯೇಸುವೇ. ಮಾರ್ಮನ್ನರು ಮೂವರನ್ನೂ ಒಪ್ಪುತ್ತಾರೆ, ಆದರೆ ಉದ್ದೇಶದಲ್ಲಿ ಮಾತ್ರ ಒಂದಾದ ಬೇರೆ ಬೇರೆ ಮೂವರೆಂದು.

ಒಬ್ಬರಿಗೆ ಕೊಟ್ಟ ಉತ್ತರ ನಿಮ್ಮನ್ನು ಇನ್ನೊಬ್ಬರ ಪಾಳಯಕ್ಕೆ ತಳ್ಳಬಹುದು. ಸಾಕ್ಷಿಗಳ ಮುಂದೆ ಯೋಹಾನ 10:30ನ್ನು, "ನಾನೂ ತಂದೆಯೂ ಒಂದೇ" ಎಂಬುದನ್ನು, ಬರೀ ಅಷ್ಟನ್ನೇ ಹಿಡಿದು ವಾದಿಸಿದರೆ ಒನ್‌ನೆಸ್‌ನವರು ನಿಮ್ಮ ಬೆನ್ನು ತಟ್ಟುತ್ತಾರೆ. ಸಾಕ್ಷಿಗಳೋ, ಯೋಹಾನ 17:22 ತೆರೆದು, ಶಿಷ್ಯರೂ ಹಾಗೆಯೇ ಒಂದಾಗಲಿ ಎಂಬ ಪ್ರಾರ್ಥನೆ ತೋರಿಸುತ್ತಾರೆ. 10:30ನ್ನು ಬಳಸುವುದಾದರೆ 28ರಿಂದ ಓದಿ: ಕುರಿಗಳನ್ನು ನನ್ನ ಕೈಯಿಂದ ಯಾರೂ ಕಸಿಯಲಾರರು, ತಂದೆಯ ಕೈಯಿಂದಲೂ ಕಸಿಯಲಾರರು. ಅಲ್ಲಿ ಇಬ್ಬರಿದ್ದಾರೆ, ಕಾಯುವ ಬಲ ಒಂದೇ.

ಸಾಕ್ಷಿಗಳೊಂದಿಗೆ ಯೋಹಾನ 1:1ರಿಂದ ಶುರುಮಾಡಬೇಡಿ. ವಾಕ್ಯವು, ಅಂದರೆ ಮಗನು, ದೇವರಾಗಿದ್ದನು ಎಂಬಲ್ಲಿ ದೇವರೆಂಬ ಗ್ರೀಕ್ ಪದಕ್ಕೆ ಆರ್ಟಿಕಲ್ (ಇಂಗ್ಲಿಷಿನ the ಥರದ ಪದ) ಇಲ್ಲವೆಂದು ಅವರು "ಒಬ್ಬ ದೇವರು" (a god) ಎಂಬರ್ಥದಲ್ಲಿ ಅನುವಾದಿಸುತ್ತಾರೆ. ಮಾತು ಗ್ರೀಕ್ ವ್ಯಾಕರಣಕ್ಕೆ ಹೊರಳುತ್ತದೆ, ಇಬ್ಬರಿಗೂ ಗ್ರೀಕ್ ಬಾರದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಅವರೇ ಎತ್ತಿದರೆ, ಅದೇ ಅಧ್ಯಾಯದ 6, 12, 13ನೆಯ ವಚನಗಳಲ್ಲೂ ದೇವರೆಂಬ ಪದಕ್ಕೆ ಆರ್ಟಿಕಲ್ ಇಲ್ಲ, ಅಲ್ಲೆಲ್ಲ ಅವರೂ "ದೇವರು" ಎಂದೇ ಅನುವಾದಿಸುತ್ತಾರೆ ಎಂದು ತೋರಿಸಿ 3ನೆಯ ವಚನಕ್ಕೆ ಬನ್ನಿ. ಉಂಟಾದದ್ದೆಲ್ಲ ಆತನ ಮೂಲಕ ಉಂಟಾಯಿತು, ಆತನಿಲ್ಲದೆ ಒಂದೂ ಉಂಟಾಗಲಿಲ್ಲ. ಮಗನೂ ಉಂಟಾದವನೇ ಆದರೆ ಆತನನ್ನು ಉಂಟುಮಾಡಿದ್ದು ಯಾರ ಮೂಲಕ? ಅವರು ಕೊಲೊಸ್ಸೆ 1:16ರಲ್ಲಿ "ಇತರ ಎಲ್ಲವನ್ನೂ" ಎಂಬರ್ಥದ ಅನುವಾದ ತೋರಿಸಬಹುದು. "ಇತರ" ಎನ್ನುವ ಪದ ಗ್ರೀಕ್ ಪಾಠದಲ್ಲಿಲ್ಲ.

ಇದಕ್ಕಿಂತ ಗಟ್ಟಿಯಾದ ದಾರಿ ಜೋಡಿ ಓದು. ಮೊದಲು ಕೀರ್ತನೆ 102:25–27 ತೆರೆದು ಅವರಿಂದಲೇ ಓದಿಸಿ. ಅವರ ಅನುವಾದವೇ ಇರಲಿ. ಭೂಮಿಗೆ ಅಸ್ತಿವಾರ ಹಾಕಿದವನು, ಆಕಾಶ ಹಳೆಯ ಬಟ್ಟೆಯಂತೆ ಸವೆದರೂ ಬದಲಾಗದವನು ಯಾರು ಎಂದು ಕೇಳಿ. "ಯೆಹೋವ" ಎಂಬ ಉತ್ತರ ಅವರ ಬಾಯಿಂದ ಬರುವವರೆಗೆ ಮುಂದೆ ಹೋಗಬೇಡಿ. ನಂತರ ಇಬ್ರಿಯ 1:8ರಿಂದ 12ರವರೆಗೆ ಓದಿಸಿ. ಅದೇ ಸಾಲುಗಳು ಅಲ್ಲಿ ಮಗನನ್ನು ಕುರಿತು ಹೇಳಿದ ಮಾತಾಗಿವೆ. ಇಲ್ಲಿ ತಿಳಿದವರು ಒಂದು ಒಳ್ಳೆಯ ಆಕ್ಷೇಪ ಎತ್ತುತ್ತಾರೆ: ಇಬ್ರಿಯ 1:5ರಲ್ಲಿ ಸೊಲೊಮೋನನ ಕುರಿತಾದ 2 ಸಮುವೇಲ 7:14 ಯೇಸುವಿಗೆ ಅನ್ವಯವಾಗಿದೆ, ಹಾಗೆಂದು ಯೇಸು ಸೊಲೊಮೋನನೇ? ಉತ್ತರ ಸಿದ್ಧವಿರಲಿ. ಸಿಂಹಾಸನ ಒಬ್ಬ ಅರಸನಿಂದ ವಾರಸುದಾರನಿಗೆ ದಾಟಬಹುದು. ಲೋಕವನ್ನು ಸೃಷ್ಟಿಸಿದವನೆಂಬುದು ದಾಟುವಂಥದ್ದಲ್ಲ, ಏಕೆಂದರೆ ಯೆಶಾಯ 44:24ರಲ್ಲಿ ಯೆಹೋವನು ತಾನೊಬ್ಬನೇ ಆಕಾಶವನ್ನು ಹರಡಿದೆನೆಂದು ಹೇಳುತ್ತಾನೆ. ಯೆಶಾಯ 45:23 ಮತ್ತು ಫಿಲಿಪ್ಪಿ 2:10–11, ಯೋವೇಲ 2:32 ಮತ್ತು ರೋಮಾ 10:9–13 ಇದೇ ಬಗೆಯ ಜೋಡಿಗಳು. ಆದರೆ ಒಂದು ಕೂರಿಕೆಗೆ ಒಂದೇ ಜೋಡಿ ಸಾಕು.

ಅವರ ಕೈಯಲ್ಲೂ ವಚನಗಳಿವೆ, ಅವುಗಳನ್ನು ಹಗುರವಾಗಿ ತೆಗೆದುಕೊಳ್ಳುವುದು ತಪ್ಪು. ಕೊಲೊಸ್ಸೆ 1:15ರ "ಜ್ಯೇಷ್ಠಪುತ್ರ" ಸುಲಭವಾದದ್ದು: ಇಷಯನ ಮಕ್ಕಳಲ್ಲಿ ಕಿರಿಯವನಾದ ದಾವೀದನನ್ನು ಕೀರ್ತನೆ 89:27 ಜ್ಯೇಷ್ಠನನ್ನಾಗಿ ಮಾಡುತ್ತದೆ, ಅಂದರೆ ಅದು ಸ್ಥಾನದ ಮಾತಾಗಬಲ್ಲದು. ಯೋಹಾನ 17:3ರಲ್ಲಿ ತಂದೆ "ಒಬ್ಬನೇ ಸತ್ಯದೇವರು". ಹೌದು ಎಂದು ಒಪ್ಪಿಕೊಳ್ಳಿ, ಮೊದಲ ವಾಕ್ಯವೇ ಅದು. ಹೊಸ ಒಡಂಬಡಿಕೆಯಲ್ಲಿ "ದೇವರು" ಎಂಬ ಪದ ಹೆಚ್ಚಿನ ಕಡೆ ತಂದೆಯನ್ನೇ ಸೂಚಿಸುತ್ತದೆ ಎಂಬುದನ್ನೂ ಒಪ್ಪಿಕೊಳ್ಳಿ. ಆಮೇಲೆ ಅದೇ ಪ್ರಾರ್ಥನೆಯ 5ನೆಯ ವಚನ ಓದಿ, ಲೋಕ ಉಂಟಾಗುವ ಮೊದಲೇ ತಂದೆಯ ಬಳಿ ಮಹಿಮೆಯಿದ್ದವನು ಯಾರೆಂದು ಕೇಳಿ. ಅದು ದೇವರ ಯೋಜನೆಯಲ್ಲಿದ್ದ ಮಹಿಮೆ ಮಾತ್ರ ಎನ್ನುವ ಯೂನಿಟೇರಿಯನ್ನರಿಗೆ ಯೋಹಾನ 6:62 ತೋರಿಸಿ, ಮೊದಲಿದ್ದ ಸ್ಥಳಕ್ಕೆ ಏರಿಹೋಗುವ ಮಾತು ಅಲ್ಲಿದೆ.

ಮಾರ್ಕ 13:32 ನಿಜಕ್ಕೂ ಕಷ್ಟದ್ದು. ಆ ದಿನ ಮಗನಿಗೂ ತಿಳಿಯದು, ತಂದೆಗೆ ಮಾತ್ರ ತಿಳಿದಿದೆ. 451ರಲ್ಲಿ ಕಾಲ್ಸಿಡನ್‌ನಲ್ಲಿ ಸೇರಿದ ಬಿಷಪರ ಮಹಾಸಭೆ ನಿರೂಪಿಸಿದಂತೆ ಕ್ರಿಸ್ತನಲ್ಲಿ ದೈವ ಮತ್ತು ಮಾನವ ಸ್ವಭಾವ ಎರಡೂ ಇವೆ, ತಿಳಿಯದಿರುವುದು ಮಾನವ ಸ್ವಭಾವಕ್ಕೆ ಸೇರಿದ್ದು ಎನ್ನುವುದು ರೂಢಿಯ ಉತ್ತರ. ಅದು ಸರಿಯಾದ ಉತ್ತರವೇ. ಆದರೆ ಪವಿತ್ರಾತ್ಮನ ಮಾತು ಅಲ್ಲೇಕಿಲ್ಲ ಎಂದು ಕೇಳಿದರೆ ಅದು ಸಾಲದು. ತೊಡಕು ಇದೆ ಎಂದು ಹೇಳಿಬಿಡಿ. ಪ್ರತಿ ತೊಡಕಿಗೂ "ಎರಡು ಸ್ವಭಾವ" ಎಂದು ಮುದ್ರೆ ಒತ್ತಿದರೆ ಕೇಳುವವರಿಗೆ ನುಣುಚಿಕೊಂಡಂತೆ ಕಾಣುತ್ತದೆ.

ಒನ್‌ನೆಸ್‌ನವರು ಯೆಶಾಯ 9:6ರ "ನಿತ್ಯನಾದ ತಂದೆ" ಮತ್ತು ಕೊಲೊಸ್ಸೆ 2:9 ಹಿಡಿದು ಬರುತ್ತಾರೆ. ಇಲ್ಲಿ ಕ್ರಿಸ್ತನ ದೈವತ್ವ ಸಾಬೀತುಮಾಡುತ್ತ ಕೂತರೆ ಸಮಯ ಹಾಳು, ಅದು ಅವರಿಗೂ ಒಪ್ಪಿಗೆಯೇ. ಯೋಹಾನ 17:24 ತೆರೆಯಿರಿ: ಲೋಕದ ಅಸ್ತಿವಾರಕ್ಕಿಂತ ಮೊದಲೇ ನೀನು ನನ್ನನ್ನು ಪ್ರೀತಿಸಿದೆ. ಯಾರು ಯಾರನ್ನು ಪ್ರೀತಿಸಿದರು? ಯೇಸುವಿನ ಪ್ರಾರ್ಥನೆಗಳನ್ನೆಲ್ಲ ಮಾನವ ಸ್ವಭಾವ ದೈವ ಸ್ವಭಾವದೊಡನೆ ಆಡಿದ ಮಾತೆಂದು ಅವರು ವಿವರಿಸುತ್ತಾರೆ. ಲೋಕಕ್ಕಿಂತ ಮೊದಲು ಆ ಮಾನವ ಸ್ವಭಾವವೇ ಇರಲಿಲ್ಲ.

ಪವಿತ್ರಾತ್ಮನು ಬರೀ ಶಕ್ತಿ ಎಂಬ ವಾದಕ್ಕೆ ಒಂದೇ ವಚನ ಎತ್ತಬೇಡಿ. ಜ್ಞಾನೋಕ್ತಿ 8ರಲ್ಲಿ ಜ್ಞಾನವೂ ವ್ಯಕ್ತಿಯಂತೆ ಮಾತಾಡುತ್ತದೆ ಎಂದು ಅವರು ತೋರಿಸುತ್ತಾರೆ, ಅದು ನ್ಯಾಯವಾದ ಮಾತು. ಕಾವ್ಯವಲ್ಲದ ಕಡೆಗಳಿಂದ ಹಲವನ್ನು ಒಟ್ಟುಗೂಡಿಸಿ: ಅಪೊಸ್ತಲರ ಕೃತ್ಯಗಳು 5:3–4, 13:2, 1 ಕೊರಿಂಥ 12:11, ಎಫೆಸ 4:30.

ಮುಸ್ಲಿಮರೊಂದಿಗಿನ ವಾದದ ನೆಲವೇ ಬೇರೆ. ಸುವಾರ್ತೆಯ ಪಾಠ ತಿದ್ದಲ್ಪಟ್ಟಿದೆ ಎಂದು ನಂಬುವವರಿಗೆ ಯೋಹಾನನ ವಚನಗಳನ್ನು ಒಂದರ ಮೇಲೊಂದು ಹೇಳಿ ಫಲವಿಲ್ಲ. ಮೊದಲು ಯಾವುದನ್ನು ಕ್ರೈಸ್ತರು ನಂಬುವುದಿಲ್ಲ ಎಂದು ಸ್ಪಷ್ಟಪಡಿಸಿ. ಕುರ್‌ಆನ್ 5:116ರಲ್ಲಿ ಮರಿಯಳನ್ನೂ ಯೇಸುವನ್ನೂ ದೇವರುಗಳಾಗಿ ಮಾಡಿಕೊಳ್ಳುವ ಪ್ರಶ್ನೆ ಬರುತ್ತದೆ. ತ್ರಿಯೇಕತ್ವದಲ್ಲಿ ಮರಿಯಳಿಲ್ಲ, "ಮಗ" ಎಂಬುದರಲ್ಲಿ ದೈಹಿಕ ಜನನವೂ ಇಲ್ಲ. ಸುನ್ನಿ ಸಂಪ್ರದಾಯದಲ್ಲಿ ದೇವರ ಮಾತು ಅನಾದಿ, ಅದರಿಂದ ದೇವರು ಇಬ್ಬರಾಗುವುದಿಲ್ಲ. ಮಾತು ಮುಂದುವರಿಸಲು ಇದು ಒಳ್ಳೆಯ ಜಾಗ. ಆದರೆ ಗುಣ ಬೇರೆ, ವ್ಯಕ್ತಿ ಬೇರೆ ಎಂದು ಅವರು ಹೇಳಿದಾಗ ಒಪ್ಪಲೇಬೇಕು. ಬಾಗ್ದಾದಿನಲ್ಲಿ 781ರ ಸುಮಾರಿಗೆ ಖಲೀಫ ಅಲ್-ಮಹ್ದಿಯ ಮುಂದೆ ಪೂರ್ವ ಸಭೆಯ ಮುಖ್ಯಸ್ಥ (ಪೇಟ್ರಿಯಾರ್ಕ್) ಒಂದನೆಯ ತಿಮೊಥಿ ನಡೆಸಿದ ಸಂವಾದದಲ್ಲೂ ದೇವರು, ಆತನ ವಾಕ್ಯ, ಆತನ ಆತ್ಮ ಎಂಬ ದಾರಿಯೇ ಇತ್ತು.

ಕೆಲವು ಅಸ್ತ್ರಗಳನ್ನು ಮನೆಯಲ್ಲೇ ಬಿಟ್ಟು ಹೋಗಿ. 1 ಯೋಹಾನ 5:7ರಲ್ಲಿ "ಪರಲೋಕದಲ್ಲಿ ಮೂವರು ಸಾಕ್ಷಿಗಳು" ಎಂಬ ಮಾತು ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿಲ್ಲ. ವಿದ್ವಾಂಸ ಎರಾಸ್ಮಸ್ ತನ್ನ ಗ್ರೀಕ್ ಹೊಸ ಒಡಂಬಡಿಕೆಯ 1516 ಮತ್ತು 1519ರ ಮುದ್ರಣಗಳಲ್ಲಿ ಅದನ್ನು ಬಿಟ್ಟು 1522ರಲ್ಲಿ ಸೇರಿಸಿದ. ಹೀಬ್ರೂವಿನ "ಎಲೋಹಿಮ್" ಬಹುವಚನವೆಂಬ ವಾದವೂ ನಿಲ್ಲದು, ನ್ಯಾಯಸ್ಥಾಪಕರು 11:24ರಲ್ಲಿ ಕೆಮೋಷನೆಂಬ ಒಬ್ಬ ಅನ್ಯದೇವನಿಗೂ ಅದೇ ಪದವಿದೆ.

ಮಗನು ತಂದೆಯೊಂದಿಗೆ ಒಂದೇ ಸತ್ವದವನೆಂದು ಸಾರಿದ ನೈಸಿಯಾ ಮಹಾಸಭೆಯ ಮಾತು ಬಂದೇ ಬರುತ್ತದೆ: ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ಅಲ್ಲಿ ತ್ರಿಯೇಕತ್ವವನ್ನು ಹೇರಿದ ಎಂದು. ಸಭೆ ಕರೆದದ್ದು ಆತನೇ. ಆದರೆ ಮುಂದೆ, ಮಗನು ಸೃಷ್ಟಿಯಾದವನೆಂದು ಬೋಧಿಸಿ ಅಲ್ಲಿ ಖಂಡನೆಗೊಳಗಾದ ಏರಿಯಸ್‌ನನ್ನು ಗಡೀಪಾರಿನಿಂದ ಹಿಂದಕ್ಕೆ ಕರೆಸಿದವನೂ ಆತನೇ. 337ರಲ್ಲಿ ಆತನಿಗೆ ದೀಕ್ಷಾಸ್ನಾನ ಕೊಟ್ಟವನು ಏರಿಯಸ್‌ನ ಬೆಂಬಲಿಗ, ನಿಕೊಮೀಡಿಯದ ಯುಸೇಬಿಯಸ್. ಚಕ್ರವರ್ತಿಯ ಮಗ ಕಾನ್‌ಸ್ಟಾಂಟಿಯಸ್ ನೈಸಿಯಾದ ವಿರೋಧಿಗಳ ಪರವಿದ್ದ, ನೈಸಿಯಾದ ನಿಲುವನ್ನು ಸಮರ್ಥಿಸಿದ ಬಿಷಪ್ ಅಥನಾಸಿಯಸ್ ಐದು ಬಾರಿ ಗಡೀಪಾರಾದ. ಅಧಿಕಾರದ ಬಲದಿಂದಲೇ ಗೆದ್ದ ಸಿದ್ಧಾಂತಕ್ಕೆ ಇಂಥ ಚರಿತ್ರೆ ಇರುವುದಿಲ್ಲ. ಹಾಗೆಂದು 2ನೆಯ ಶತಮಾನದವರೆಲ್ಲ ನೈಸಿಯಾದ ಮಾತುಗಳಲ್ಲೇ ಬೋಧಿಸಿದರು ಎನ್ನಬೇಡಿ. ಆ ಶತಮಾನದ ಕ್ರೈಸ್ತ ಲೇಖಕ ಜಸ್ಟಿನ್, ಆಮೇಲೆ ಬಂದ ಒರಿಜೆನ್ ಮಗನನ್ನು ತಂದೆಗಿಂತ ಕೆಳಗಿಡುವಂಥ ಮಾತುಗಳನ್ನೂ ಬರೆದಿದ್ದಾರೆ. ಪವಿತ್ರಾತ್ಮನ ಕುರಿತ ವಿವರವಾದ ಹೇಳಿಕೆ ವಿಶ್ವಾಸಪ್ರಮಾಣಕ್ಕೆ ಸೇರಿದ್ದು 381ರಲ್ಲಿ.

ಕೂರಿಕೆ ಒಂದು ಗಂಟೆ ಮೀರದಿರಲಿ. ಎದುರಿನವರು ಉತ್ತರಕ್ಕೆ ಮೊದಲೇ ಬೇರೆ ವಚನಕ್ಕೆ ಹಾರಿದರೆ ಅದನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡು, "ಇದನ್ನು ಮುಗಿಸಿ ಅದಕ್ಕೆ ಬರೋಣ" ಎಂದು ಹೇಳಿ, ಹೇಳಿದಂತೆ ಅದಕ್ಕೆ ಬನ್ನಿ. ಅವರ ವಾದವನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ, ಅವರು "ಹೌದು, ನಾನು ಹೇಳಿದ್ದು ಅದೇ" ಎಂದ ಮೇಲೆ ಮಾತ್ರ ಉತ್ತರಿಸಿ. ಏಳುವ ಮೊದಲು ಅಂಚಿನಲ್ಲಿ ಉಳಿದ ಪ್ರಶ್ನೆಗಳಿಂದ ಒಂದನ್ನು ಇಬ್ಬರೂ ಸೇರಿ ಆರಿಸಿ. ಮುಂದಿನ ಭೇಟಿಗೆ ಅದರ ಇಡೀ ಅಧ್ಯಾಯ ಓದಿಕೊಂಡು ಬರುವುದು ಇಬ್ಬರ ಪಾಲಿಗೂ ಇರಲಿ.