ಒಂದೂವರೆ ಲಕ್ಷ ಓಡಿದ ಸ್ವಿಫ್ಟ್‌ಗೆ ಫುಲ್ ಸಿಂಥೆಟಿಕ್: ನನ್ನ ಅನುಭವ

ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ಡೀಸೆಲ್ ಎಂಜಿನ್‌ಗೆ ಫುಲ್ ಸಿಂಥೆಟಿಕ್ ಎಂಜಿನ್ ಆಯಿಲ್ ಹಾಕಬೇಡ ಅಂತ ದಾವಣಗೆರೆಯ ಹೆಚ್ಚಿನ ಗ್ಯಾರೇಜುಗಳಲ್ಲಿ ಹೇಳುತ್ತಾರೆ. ಸೀಲ್ ಹೋಗುತ್ತೆ, ಆಯಿಲ್ ಸೋರುತ್ತೆ, ಒಮ್ಮೆ ಫುಲ್ ಹಾಕಿದರೆ ಮತ್ತೆ ಸೆಮಿಗೆ, ಅಂದರೆ ಮಾಮೂಲಿ ಮಿನರಲ್ ಆಯಿಲ್ ಬೆರೆತ ಸೆಮಿ ಸಿಂಥೆಟಿಕ್‌ಗೆ, ಬರೋಕಾಗಲ್ಲ ಅನ್ನುತ್ತಾರೆ. ಪಿ.ಬಿ. ರಸ್ತೆ ಪಕ್ಕದಲ್ಲಿ ನನ್ನದೂ ಒಂದು ಸಣ್ಣ ಗ್ಯಾರೇಜು. ನಮ್ಮ ಸಾಲಿನ ಹಿರಿಯ ಮೆಕ್ಯಾನಿಕ್ ಒಬ್ಬರು, "ಎಂಜಿನ್ ಕೈಕೊಟ್ಟರೆ ನನ್ನ ಹತ್ರ ಬರಬೇಡ ತಮ್ಮಾ" ಅಂದೇಬಿಟ್ಟರು. ನನ್ನ 2012ರ ಸ್ವಿಫ್ಟ್ ಡೀಸೆಲ್ ಈಗ ಎರಡು ಲಕ್ಷ ದಾಟಿದೆ. ಕೊನೆಯ ಐವತ್ತು ಸಾವಿರದಷ್ಟು ಫುಲ್ ಸಿಂಥೆಟಿಕ್‌ನಲ್ಲೇ ಓಡಿದ್ದು. ಸಂಪ್ (ಎಂಜಿನ್ ಅಡಿಯ ಆಯಿಲ್ ತಟ್ಟೆ) ಕೆಳಗೆ ಒಂದು ಹನಿ ಆಯಿಲ್ ಇಲ್ಲ. ಅವರೇ ಬಂದು ಕೆಳಗೆ ಬಗ್ಗಿ ನೋಡಿಕೊಂಡು ಹೋದರು.

ಫುಲ್ ಹಾಕಿದ ಮೇಲೆ ತೊಂದರೆ ಕೊಟ್ಟ ಗಾಡಿಗಳು ಇಲ್ಲ ಅಂತ ನಾನು ಹೇಳುತ್ತಿಲ್ಲ. ಅಂಥವನ್ನು ಬಿಚ್ಚಿ ನೋಡಿದ ಮೇಲೇ ನನಗೆ ದಾರಿ ಗೊತ್ತಾಗಿದ್ದು. ಹರಿಹರದಿಂದ ಒಂದು ಹಳೇ ಡೀಸೆಲ್ ಕಾರು ಬಂತು. ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ಆಯಿಲ್ ಪ್ರೆಶರ್ ಲೈಟು ಮಿಣಮಿಣ ಅನ್ನುತ್ತಿತ್ತು. ಬೇರೆ ಕಡೆ ಎಂಜಿನ್ ಒಳಗಿನ ಕೊಳೆ ತೊಳೆಯುವ ಫ್ಲಶ್ ಸುರಿದು, ಹದಿನೈದು ನಿಮಿಷ ಓಡಿಸಿ, ಇಳಿಸಿ, ಫುಲ್ ಸಿಂಥೆಟಿಕ್ ಹಾಕಿದ್ದರು. ಆಮೇಲೆ ಸಾವಿರ ಕಿಲೋಮೀಟರೂ ಓಡಿರಲಿಲ್ಲ. ಸಂಪ್ ಇಳಿಸಿದರೆ ಆಯಿಲ್ ಸೋಸುವ ಸ್ಟ್ರೈನರ್ ಜಾಲರಿ ಪೂರ್ತಿ ಸ್ಲಡ್ಜ್‌ನಿಂದ, ಅಂದರೆ ಕಪ್ಪು ಗಟ್ಟಿ ಕೊಳೆಯಿಂದ, ಮುಚ್ಚಿಹೋಗಿತ್ತು. ಹೆಂಚಿಗೆ ಹಿಡಿದ ಕರಕಲು ಒಂದೇ ಸಲ ಚಕ್ಕೆಚಕ್ಕೆಯಾಗಿ ಎದ್ದ ಹಾಗೆ. ಸಂಪ್ ಕ್ಲೀನಿಂಗ್, ಸೀಲೆಂಟ್, ಹೊಸ ಆಯಿಲ್, ಕೂಲಿ ಎಲ್ಲ ಸೇರಿ ಏಳು ಸಾವಿರದ ಹತ್ತಿರ ಬಿಲ್ಲಾಯಿತು. ಬೇರಿಂಗ್ ಉಳಿದದ್ದೇ ಪುಣ್ಯ.

ಓನರ್ ಬೈದದ್ದು ಸಿಂಥೆಟಿಕ್ ಆಯಿಲನ್ನು. ಆದರೆ ಅಲ್ಲಿ ಒಟ್ಟಿಗೆ ಮೂರು ಕೆಲಸ ಆಗಿತ್ತು. ಫ್ಲಶ್ ಹಾಕಿದ್ದರು. ಆಯಿಲಿನ ಜಾತಿ ಬದಲಾಗಿತ್ತು. ಜೊತೆಗೆ 15ಡಬ್ಲ್ಯೂ-40 ಗ್ರೇಡು ಇದ್ದ ಜಾಗಕ್ಕೆ 5ಡಬ್ಲ್ಯೂ-30 ಹಾಕಿದ್ದರು. ಮೊದಲ ಅಂಕಿ ಚಳಿಯಲ್ಲಿ, ಕೊನೆಯ ಅಂಕಿ ಬಿಸಿಯಲ್ಲಿ ಆಯಿಲ್ ಎಷ್ಟು ಮಂದ ಅಂತ ಹೇಳುತ್ತದೆ. ಸವೆದ ಬೇರಿಂಗಿನ ಎಂಜಿನ್‌ಗೆ 40ರ ಬದಲು 30 ಹಾಕಿದರೆ ಬಿಸಿಯಲ್ಲಿ ಪ್ರೆಶರ್ ಇಳಿಯಲೇಬೇಕು ಅಲ್ವಾ? ಅದು ಸಿಂಥೆಟಿಕ್ ಆದರೂ ಅಷ್ಟೇ, ಮಿನರಲ್ ಆದರೂ ಅಷ್ಟೇ. "ಫುಲ್ ಸಿಂಥೆಟಿಕ್ ತೆಳು" ಅಂತ ನಮ್ಮವರು ಹೇಳುವುದು ಇಂಥದ್ದನ್ನು ನೋಡಿಯೇ. ತೆಳು ಮಾಡಿದ್ದು ಗ್ರೇಡು.

ಇನ್ನೊಂದು ಗಾಡಿಯಲ್ಲಿ ಟ್ಯಾಪೆಟ್ ಕವರ್ (ಎಂಜಿನ್ ಮೇಲಿನ ಮುಚ್ಚಳ) ಪಕ್ಕ ಆಯಿಲ್ ಜಿನುಗಲು ಶುರುವಾಗಿತ್ತು. ಗ್ಯಾಸ್ಕೆಟ್ ತೆಗೆದರೆ ಬೆರಳಲ್ಲೇ ಮುರಿಯಿತು. ಅದು ಮೊದಲೇ ಸತ್ತಿತ್ತು. ಕಟ್ಟಿದ ಕೊಳೆ ತಡೆದು ನಿಲ್ಲಿಸಿತ್ತು ಅಷ್ಟೆ. ನಾನೂರು ರೂಪಾಯಿಯ ಗ್ಯಾಸ್ಕೆಟ್ ಹಾಕಿದೆ, ನಿಂತಿತು. ಮೊದಮೊದಲ ಸಿಂಥೆಟಿಕ್ ಆಯಿಲ್‌ಗಳು ರಬ್ಬರ್ ಸೀಲನ್ನು ಕುಗ್ಗಿಸುತ್ತಿದ್ದದ್ದು ನಿಜ. ಆಮೇಲೆ ಎಸ್ಟರ್ ಅನ್ನುವ ರಾಸಾಯನಿಕ ಸೇರಿಸಿ ಅದನ್ನು ಸರಿ ಮಾಡಿದರು. ಆ ಹಳೇ ಹೆದರಿಕೆ ಮಾತ್ರ ನಮ್ಮ ಕಡೆ ಇನ್ನೂ ಹೋಗಿಲ್ಲ.

ಸೆಮಿ, ಫುಲ್ ಎರಡೂ ಬೆರೆತರೆ ಒಡೆಯುತ್ತೆ ಅಂತಲೂ ಒಂದು ಮಾತಿದೆ. ಸೆಮಿ ಅಂದ್ರೇನೇ ಬೆರಕೆ. ಮಿನರಲ್ ಆಯಿಲ್‌ಗೆ ಸಿಂಥೆಟಿಕ್ ಸೇರಿಸಿದ್ದು. ಎಷ್ಟು ಸೇರಿಸಿದ್ದಾರೆ ಅಂತ ಸಾಮಾನ್ಯವಾಗಿ ಡಬ್ಬದ ಮೇಲೂ ಬರೆದಿರುವುದಿಲ್ಲ. ಆದರೂ ಬಾಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. ಗಾಜಿನ ಬಾಟಲಿಯಲ್ಲಿ ಅರ್ಧ ಸೆಮಿ, ಅರ್ಧ ಫುಲ್ ಹಾಕಿ ಟೂಲ್ಸ್ ಹಲಗೆ ಮೇಲೆ ಇಟ್ಟೆ. ಎರಡು ಬೇಸಿಗೆ ಕಳೆದಿವೆ. ಪದರ ಕಟ್ಟಿಲ್ಲ, ಗಷ್ಟು ಕೂತಿಲ್ಲ.

ಈಗ ಸ್ವಿಫ್ಟ್ ವಿಷಯ. ಇದರ 1.3 ಲೀಟರ್ ಎಂಜಿನ್ನಿನಲ್ಲಿ ಟರ್ಬೊ, ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರ್, ವಾಲ್ವ್ ಸಂದು ಸರಿಯಾಗಿಡುವ ಹೈಡ್ರಾಲಿಕ್ ಟ್ಯಾಪೆಟ್ ಮೂರೂ ಆಯಿಲ್ ನಂಬಿಕೊಂಡೇ ಬದುಕುವಂಥವು. ಮೊದಲಿನಿಂದ ಹಾಕುತ್ತಿದ್ದದ್ದು 10ಡಬ್ಲ್ಯೂ-40 ಸೆಮಿ. ಫುಲ್‌ಗೆ ಹೋಗುವ ಮೊದಲು ಎರಡು ಸಲ ಬೇಗ ಬೇಗ ಆಯಿಲ್ ಇಳಿಸಿ ಅದೇ ಸೆಮಿ ಹೊಸದು ಹಾಕಿದೆ. ಎರಡೂವರೆ, ಮೂರು ಸಾವಿರ ಕಿಲೋಮೀಟರಿಗೇ. ಎರಡೂ ಸಲ ಹೊಸ ಫಿಲ್ಟರ್. ಫ್ಲಶ್ ಮುಟ್ಟಲಿಲ್ಲ. ಹೊಸ ಆಯಿಲಿನಲ್ಲಿರುವ ಡಿಟರ್ಜೆಂಟೇ ನಿಧಾನಕ್ಕೆ ಕೊಳೆ ಬಿಡಿಸುತ್ತದೆ. ಎರಡನೇ ಫಿಲ್ಟರಿನ ಪೇಪರ್ ಮಡಿಕೆ ಬಿಡಿಸಿ ನೋಡಿದೆ. ಮೊದಲನೆಯದಕ್ಕಿಂತ ಎಷ್ಟೋ ಸ್ವಚ್ಛ. ಆಗ 5ಡಬ್ಲ್ಯೂ-40 ಫುಲ್ ಹಾಕಿದೆ, ಡಬ್ಬದ ಮೇಲೆ ಎಸಿಇಎ ಎ3/ಬಿ4 (ಯುರೋಪಿನ ಕಾರು ಕಂಪನಿಗಳ ಆಯಿಲ್ ಗುಣಮಟ್ಟದ ಗುರುತು) ಅಂತ ಬರೆದದ್ದು. ಮೊದಲ ಅಂಕಿ 10 ಇದ್ದದ್ದು 5 ಆಗಲಿ, ಕೊನೆಯ 40 ಹಾಗೇ ಇರಬೇಕು.

ಇಲ್ಲಿಂದ ಮುಂದಿನದೇ ನನ್ನ ಕೈಚಳಕ. ಫುಲ್ ಹಾಕಿ ಎರಡು ಸಾವಿರ ಓಡಿದ ಮೇಲೆ ಆಯಿಲ್ ಹಾಗೇ ಬಿಟ್ಟು ಫಿಲ್ಟರ್ ಮಾತ್ರ ಬದಲಿಸಿದೆ. ಕಾಲು ಲೀಟರಿನಷ್ಟು ಟಾಪ್ ಅಪ್. "ದುಡ್ಡು ಜಾಸ್ತಿ ಆಗಿದೆಯಾ?" ಅಂದರು ನಮ್ಮ ಸಾಲಿನವರು. ಇನ್ನೂರೈವತ್ತು ರೂಪಾಯಿಯ ಫಿಲ್ಟರ್ ಅದು. ಉಳಿದ ಕೊಳೆ ಏಳುವುದೇ ಆ ಮೊದಲ ಎರಡು ಸಾವಿರದಲ್ಲಿ. ತೆಗೆದ ಫಿಲ್ಟರ್ ಕತ್ತರಿಸಿ ತೋರಿಸಿದಾಗ ಮಾತು ನಿಂತಿತು. ಆಯಿಲ್ ಇಳಿಸುವ ಮುಂಚೆ ಗಾಡಿಯನ್ನು ಹೇಗೆ ನಿಲ್ಲಿಸುತ್ತೇನೆ, ಎಷ್ಟು ಹೊತ್ತು ಬಿಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಡೂಪ್ಲಿಕೇಟ್ ಡಬ್ಬ ಹಿಡಿಯುವುದು ಹೇಗೆ ಅನ್ನುವುದನ್ನೂ ಅಷ್ಟೇ. ಅದು ನನ್ನ ಹೊಟ್ಟೆಪಾಡು.

ಡ್ಯಾಶ್‌ಬೋರ್ಡಿನ ಲೈಟು ನಂಬಿ ಕೂರಲಿಲ್ಲ. ಪ್ರೆಶರ್ ತೀರಾ ಕೆಳಗೆ ಬಿದ್ದ ಮೇಲೇ ಅದು ಹತ್ತುವುದು. ಪ್ರೆಶರ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಗೇಜ್ ಹಾಕಿ ನೋಡುತ್ತಿದ್ದೆ. ಏಪ್ರಿಲ್ ಬಿಸಿಲಲ್ಲಿ ಚಿತ್ರದುರ್ಗಕ್ಕೆ ಹೋಗಿ ಬಂದು ಐಡ್ಲಿಂಗ್‌ನಲ್ಲಿ ನಿಲ್ಲಿಸಿದರೆ, ಆರು ಸಾವಿರ ಓಡಿದ ಸೆಮಿ ಒಂದು ಬಾರ್ ಪ್ರೆಶರಿನ ಆಸುಪಾಸು ತೋರಿಸುತ್ತಿತ್ತು. ಒಂಬತ್ತು ಸಾವಿರ ಓಡಿದ ಫುಲ್ ಒಂದೂವರೆ ಹತ್ತಿರ ನಿಂತಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಿನ ಟ್ಯಾಪೆಟ್ ಸದ್ದೂ ಬೇಗ ಅಡಗುತ್ತದೆ.

ಫ್ರೀಜರಿನಲ್ಲಿ ಎರಡೂ ಆಯಿಲ್ ಇಟ್ಟು ಸುರಿದು ನೋಡಿದ್ದೂ ಉಂಟು. ಫುಲ್ ಸರಾಗವಾಗಿ ಬಂತು, ಸೆಮಿ ಎಳೆದಾಡಿತು. ನೋಡಲು ಚೆಂದ. ಆದರೆ ನಮ್ಮೂರಿನಲ್ಲಿ ಅಂಥ ಚಳಿ ಎಲ್ಲಿದೆ? ನಮಗೆ ಬೇಕಾದದ್ದು ಟರ್ಬೊ ಹತ್ತಿರದ ಬಿಸಿ ತಡೆಯುವ ಶಕ್ತಿ. ಮೈಲೇಜ್ ಜಾಸ್ತಿ ಬರುತ್ತೆ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಲೀಟರಿಗೆ ಅರ್ಧ ಕಿಲೋಮೀಟರ್ ಸಿಕ್ಕಿರಬಹುದು. ಆಷಾಢದಲ್ಲಿ ಹಿರಿಯೂರಿನಿಂದ ಚಿತ್ರದುರ್ಗದ ಕಡೆ ಬಂದು ನೋಡಿ. ಗುಡ್ಡದ ಮೇಲಿನ ಗಾಳಿ ವಿದ್ಯುತ್ತಿನ ಫ್ಯಾನುಗಳನ್ನು ತಿರುಗಿಸುವ ಎದುರುಗಾಳಿ ಅದಕ್ಕಿಂತ ಜಾಸ್ತಿ ಕಿತ್ತುಕೊಳ್ಳುತ್ತದೆ.

ದುಡ್ಡಿನ ಲೆಕ್ಕ. ಮೂರು ಲೀಟರ್ ಚಿಲ್ಲರೆ ಆಯಿಲ್ ಹಿಡಿಯುತ್ತದೆ. ಸೆಮಿ, ಫಿಲ್ಟರ್ ಸೇರಿ ಸಾವಿರದ ಏಳುನೂರು, ಎಂಟುನೂರು. ನಮ್ಮ ಮೆಕ್ಕೆಜೋಳ ಸುಗ್ಗಿಯ ಧೂಳಿಗೆ ಏಳು ಸಾವಿರ ಕಿಲೋಮೀಟರಿಗೆ ಬದಲಿಸುತ್ತಿದ್ದೆ. ಫುಲ್ ಆದರೆ ಮೂರು ಸಾವಿರದ ಹತ್ತಿರ, ಹತ್ತು ಸಾವಿರ ಓಡಿಸುತ್ತೇನೆ. ಕಿಲೋಮೀಟರಿಗೆ ಇಪ್ಪತ್ತೈದು ಪೈಸೆ ಇದ್ದದ್ದು ಮೂವತ್ತಾಯಿತು. ಆಯಿಲಿನಲ್ಲಿ ಉಳಿತಾಯ ಇಲ್ಲ, ಯಾರಾದರೂ ಇದೆ ಅಂದರೆ ನಂಬಬೇಡಿ. ಆದರೆ ಟರ್ಬೊ ಹೋದರೆ ಇಪ್ಪತ್ತೈದು ಸಾವಿರಕ್ಕೆ ಕಡಿಮೆ ಇಲ್ಲ. ಚೈನ್ ಕಿಟ್ ಕೂಲಿ ಸೇರಿ ಹನ್ನೆರಡು ಸಾವಿರ ದಾಟುತ್ತದೆ. ನನ್ನ ಗಾಡಿಯಲ್ಲಿ ಎರಡೂ ಕಂಪನಿಯಿಂದ ಬಂದವೇ ಇವೆ, ಬದಲಿಸಿಲ್ಲ.

ವಾಪಸ್ ಸೆಮಿಗೆ ಬರೋಕಾಗಲ್ಲ ಅನ್ನುವವರಿಗೆ ನಮ್ಮ ಮಾವನ ವ್ಯಾಗನ್ ಆರ್ ತೋರಿಸುತ್ತೇನೆ. ಪೆಟ್ರೋಲ್ ಗಾಡಿ, ಟರ್ಬೊ ಇಲ್ಲ. ವರ್ಷಕ್ಕೆ ನಾಲ್ಕು ಸಾವಿರವೂ ಓಡುವುದಿಲ್ಲ, ಮಂಡಿಪೇಟೆಗೆ ಹೋಗಿ ಬರುವುದೇ ಜಾಸ್ತಿ. ಕಡಿಮೆ ಓಡಿದರೂ ವರ್ಷಕ್ಕೊಮ್ಮೆ ಆಯಿಲ್ ಇಳಿಸಲೇಬೇಕು. ಅಂಥದ್ದಕ್ಕೆ ಫುಲ್ ಹಾಕಿ ಸುಮ್ನೆ ದುಡ್ಡು ಚೆಲ್ಲುವುದೇಕೆ? ಅದಕ್ಕೆ ಫುಲ್ ಇಳಿಸಿ ಅದೇ 5ಡಬ್ಲ್ಯೂ-30 ಗ್ರೇಡಿನ ಸೆಮಿ ಹಾಕಿದೆ. ಮಧ್ಯೆ ಏನೂ ಮಾಡಲಿಲ್ಲ, ನೇರವಾಗಿ ಬದಲಿಸಿದೆ. ಮೂರು ವರ್ಷವಾಯಿತು. ಸೀಲ್, ಗ್ಯಾಸ್ಕೆಟ್ ಎಲ್ಲ ಹಳೆಯವೇ. ಮಾವನಿಗೆ ವರ್ಷಕ್ಕೆ ಸಾವಿರ ರೂಪಾಯಿ ಉಳಿಯುತ್ತಿದೆ.