ಕರೆಂಟು ಹೋಗಿ ಬಂದ ಮೇಲೂ ಪ್ರಿಂಟರ್ ಸಿಗಬೇಕೆಂದರೆ

ಲ್ಯಾಪ್‌ಟಾಪು, ಫೋನು, ಪ್ರಿಂಟರು, ಇನ್ನೊಂದು ಮಾನಿಟರು ಇವನ್ನೆಲ್ಲ ಜೋಡಿಸುವುದು ಒಂದು ಮಧ್ಯಾಹ್ನದ ಕೆಲಸ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಕಷ್ಟ ಶುರುವಾಗುವುದು ಮಾರನೆಯ ದಿನ. ಆರಿದ್ರಾ ಮಳೆ ಹಿಡಿದರೆ ಕರೆಂಟು ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಯಾವ ಸಾಧನಕ್ಕೆ ಯಾವ ವಿಳಾಸ (ಜಾಲದೊಳಗೆ ಅದನ್ನು ಗುರುತಿಸುವ ಅಂಕಿ) ಕೊಟ್ಟಿದ್ದೆ ಎಂಬ ಪಟ್ಟಿ ಎಷ್ಟೋ ರೂಟರ್‌ಗಳಿಗೆ ಆಫ್ ಆದೊಡನೆ ಮರೆತುಹೋಗುತ್ತದೆ. ನಿನ್ನೆ 192.168.1.5 ಆಗಿದ್ದ ಪ್ರಿಂಟರ್ ಇವತ್ತು 192.168.1.8. ಲ್ಯಾಪ್‌ಟಾಪ್ ಹಳೇ ಬಾಗಿಲನ್ನೇ ತಟ್ಟಿ, ಒಳಗಿಂದ ಯಾರೂ ಓಗೊಡದಿದ್ದಾಗ ‘ಆಫ್‌ಲೈನ್’ ಅನ್ನುತ್ತದೆ. ಡ್ರೈವರ್ ಕಿತ್ತು ಮತ್ತೆ ಹಾಕಿದರೆ ಸರಿಹೋದಂತೆ ಕಾಣುತ್ತದೆ, ಮುಂದಿನ ಸಲ ಕರೆಂಟು ಹೋಗುವ ತನಕ.

ಹಾಗಾಗಿ ಕೆಲಸ ಶುರುವಾಗಬೇಕಾದ್ದು ರೂಟರ್ ಆರದಂತೆ ನೋಡಿಕೊಳ್ಳುವುದರಿಂದ.

ರೂಟರ್‌ಗೆ ಬ್ಯಾಟರಿ

ಫೈಬರ್ ಪೆಟ್ಟಿಗೆಯ ಅಡಾಪ್ಟರ್ ಮೇಲಿನ ಬರಹ ಓದಿ. ಸಾಮಾನ್ಯವಾಗಿ 12 ವೋಲ್ಟ್, 1ರಿಂದ 2 ಆಂಪಿಯರ್ ಇರುತ್ತದೆ. ಕೆಲವು ರೂಟರ್‌ಗಳಿಗೆ 9 ವೋಲ್ಟ್. ಅದೇ ವೋಲ್ಟೇಜಿನ ಮಿನಿ ಯುಪಿಎಸ್ (ಕರೆಂಟು ಹೋದಾಗ ರೂಟರ್ ನಡೆಸುವ ಪುಟ್ಟ ಬ್ಯಾಟರಿ ಡಬ್ಬ) ತನ್ನಿ. ಡಬ್ಬದ ಮೇಲೆ ‘10,000 ಎಂಎಎಚ್’ ಎಂದು ಬರೆದಿದ್ದರೆ ಅದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ, 12 ವೋಲ್ಟಿನದ್ದಲ್ಲ. ಅಂದರೆ 37 ವ್ಯಾಟ್-ಅವರ್. ಪರಿವರ್ತನೆಯಲ್ಲಿ ಹೋಗುವುದನ್ನು ಕಳೆದರೆ 30ರ ಆಸುಪಾಸು. 10 ವ್ಯಾಟ್ ಎಳೆಯುವ ಪೆಟ್ಟಿಗೆಗೆ ಮೂರು ಗಂಟೆ. ಪಿನ್ನಿನ ಅಳತೆಯನ್ನೂ ನೋಡಿ: 5.5×2.1 ಮಿ.ಮೀ. ಮತ್ತು 5.5×2.5 ಮಿ.ಮೀ. ಹೊರಗಿಂದ ಒಂದೇ ಥರ ಕಾಣುತ್ತವೆ, ತಪ್ಪಿದರೆ ಸಡಿಲವಾಗಿ ಕೂತು ಆಗಾಗ ಬಿಟ್ಟುಹೋಗುತ್ತವೆ.

ಮನೆಯ ದೊಡ್ಡ ಇನ್ವರ್ಟರ್ ಇದೆಯಲ್ಲ, ಇದೆಲ್ಲ ಯಾಕೆ ಅನ್ನಬಹುದು. ಇನ್ವರ್ಟರ್ ಹಿಂದೆ ಸಾಮಾನ್ಯವಾಗಿ ‘ಯುಪಿಎಸ್’ ಮತ್ತು ‘ನಾರ್ಮಲ್’ ಎಂದು ಒಂದು ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿ ಕರೆಂಟಿನಿಂದ ಬ್ಯಾಟರಿಗೆ ದಾಟುವುದು ನಿಧಾನ, ಅಷ್ಟರಲ್ಲಿ ಡೆಸ್ಕ್‌ಟಾಪೂ ರೂಟರೂ ರೀಸ್ಟಾರ್ಟ್ ಆಗಬಹುದು. ಯುಪಿಎಸ್ ಮೋಡ್ ಬೇಗ ದಾಟುತ್ತದೆ, ಆದರೆ ಅದಕ್ಕೆ ಸುಮಾರು 180ರಿಂದ 260 ವೋಲ್ಟ್ ಒಳಗಿನ ಕರೆಂಟೇ ಬೇಕು. ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ವೋಲ್ಟೇಜ್ 170ಕ್ಕೆ ಇಳಿದರೆ, ಕರೆಂಟೇ ಇಲ್ಲವೆಂದುಕೊಂಡು ಬ್ಯಾಟರಿ ಬರಿದು ಮಾಡುತ್ತದೆ. ಹಳ್ಳಿಮನೆಗೆ ಇನ್ವರ್ಟರನ್ನು ನಾರ್ಮಲ್‌ನಲ್ಲಿಟ್ಟು ರೂಟರ್‌ಗೆ ಮಿನಿ ಯುಪಿಎಸ್ ಕೊಡುವುದೇ ಮೇಲು. ಲ್ಯಾಪ್‌ಟಾಪಿಗೆ ಅದರದ್ದೇ ಬ್ಯಾಟರಿ ಇದೆ. ಡೆಸ್ಕ್‌ಟಾಪ್ ಇದ್ದರೆ ಮಾತ್ರ ಪ್ರತ್ಯೇಕ 600 ವಿಎ ಯುಪಿಎಸ್. ಅದಕ್ಕೆ ಲೇಸರ್ ಪ್ರಿಂಟರ್ ಚುಚ್ಚಬೇಡಿ: ಅಂಥ ಯುಪಿಎಸ್ ಕೊಡುವುದು 360 ವ್ಯಾಟ್ ಆಸುಪಾಸು, ಲೇಸರ್ ಪ್ರಿಂಟರ್ ಬಿಸಿಯಾಗುವಾಗ ಅದರ ಎರಡರಷ್ಟನ್ನೂ ಎಳೆದೀತು.

ಸಿಡಿಲು

ಭರಣಿ, ಕೃತ್ತಿಕಾ ಮಳೆಯ ಹೊತ್ತಿಗೆ ಇದನ್ನು ಮುಗಿಸಿಟ್ಟಿರಬೇಕು. ಫೈಬರ್ ಅಂದರೆ ಗಾಜು, ಅದರಲ್ಲಿ ಸಿಡಿಲು ಹರಿಯುವುದಿಲ್ಲ. ಆದರೆ ಕಂಬದಿಂದ ಮನೆಗೆ ಬರುವ ಎಷ್ಟೋ ಕೇಬಲ್‌ಗಳಿಗೆ ತೂಗುಹಾಕಲೆಂದು ಉಕ್ಕಿನ ತಂತಿ ಅಂಟಿಕೊಂಡಿರುತ್ತದೆ, ಅದು ಹರಿಯಲು ಬಿಡುತ್ತದೆ. ಆ ತಂತಿ ಹೊರಗೋಡೆಯ ಕೊಕ್ಕೆಯಲ್ಲೇ ಮುಗಿದು ಫೈಬರ್ ಎಳೆ ಮಾತ್ರ ಒಳಗೆ ಬರುವಂತೆ ಮಾಡಲು ಫೈಬರ್ ಲೈನ್‌ನವರಿಗೆ ಹೇಳಿ. ಮನೆಯಿಂದ ಕೊಟ್ಟಿಗೆ ಮೇಲಿನ ಕೋಣೆಗೋ ತೋಟದ ಮನೆಗೋ ನೆಟ್ ಒಯ್ಯುವುದಿದ್ದರೆ ತಾಮ್ರದ ಲ್ಯಾನ್ ಕೇಬಲ್ ಬಯಲಲ್ಲಿ ಎಳೆಯಬೇಡಿ. ಉಕ್ಕಿನ ತಂತಿ ಇಲ್ಲದ ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ) ಹಾಕಿ. ಹತ್ತಿರದಲ್ಲಿ ಬಡಿದ ಸಿಡಿಲಿಗೆ ಸ್ಪೈಕ್ ಗಾರ್ಡ್ ಅಡ್ಡ ನಿಲ್ಲುವುದಿಲ್ಲ. ಗುಡುಗು ದೂರದಲ್ಲಿರುವಾಗಲೇ ಪ್ಲಗ್ ಕೀಳುವುದೊಂದೇ ದಾರಿ.

ಎರಡು ರೂಟರ್, ಒಂದೇ ಜಾಲ

ಜಂಬಿಟ್ಟಿಗೆಯ ದಪ್ಪ ಗೋಡೆಗೆ 5 ಗಿಗಾಹರ್ಟ್ಸ್ ವೈಫೈ ಒಂದು ಕೋಣೆ ದಾಟಿದರೆ ಹೆಚ್ಚು. 2.4 ಇನ್ನೊಂದೆರಡು ಗೋಡೆ ದಾಟೀತು. ಅದಕ್ಕೇ ಜನ ಇನ್ನೊಂದು ರೂಟರ್ ತಂದು ಮಾಳಿಗೆಯಲ್ಲಿಡುತ್ತಾರೆ, ತೊಡಕು ಅಲ್ಲಿ ಹುಟ್ಟುತ್ತದೆ. ಹೊಸ ರೂಟರ್ ತನ್ನದೇ ಬೇರೆ ಜಾಲ ಕಟ್ಟಿಕೊಳ್ಳುತ್ತದೆ: ಕೆಳಗೆ 192.168.1, ಮೇಲೆ 192.168.0. ಫೋನ್ ಮೇಲಿನದಕ್ಕೆ, ಪ್ರಿಂಟರ್ ಕೆಳಗಿನದಕ್ಕೆ ಸೇರಿದರೆ ಎರಡಕ್ಕೂ ಇಂಟರ್ನೆಟ್ ಇರುತ್ತದೆ, ಪ್ರಿಂಟರ್ ಮಾತ್ರ ಫೋನಿನ ಕಣ್ಣಿಗೆ ಬೀಳುವುದಿಲ್ಲ.

ಎರಡನೇ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ಮೋಡಿಗೆ ಹಾಕಿ, ಆಗ ಅದು ಬೇರೆ ಜಾಲ ಕಟ್ಟದೆ ವೈಫೈ ಮಾತ್ರ ಹರಡುತ್ತದೆ. ಆ ಆಯ್ಕೆ ಇಲ್ಲದಿದ್ದರೆ ಅದರ ವಿಳಾಸವನ್ನು 192.168.1.2 ಮಾಡಿ, ಅದರ ಡಿಎಚ್‌ಸಿಪಿ (ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲನ್ನು ಅದರ ‘ವ್ಯಾನ್’ ತೂತಿಗಲ್ಲ, ‘ಲ್ಯಾನ್’ ತೂತಿಗೆ ಚುಚ್ಚಿ. ಎರಡರ ನಡುವೆ ಕ್ಯಾಟ್-6 ಕೇಬಲ್ ಇರಲಿ, 100 ಮೀಟರ್ ತನಕ ತೊಂದರೆಯಿಲ್ಲ. ಕೇಬಲ್ ಇಲ್ಲದೆ ವೈಫೈ ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ಅಗ್ಗವೇನೋ ಹೌದು. ಒಂದೇ ರೇಡಿಯೊದಲ್ಲಿ ಕೇಳಿ ಹೇಳುವ ಬಗೆಯದಾದರೆ ವೇಗ ಅರ್ಧಕ್ಕೆ ಇಳಿಯುತ್ತದೆ. 2.4ರ ಚಾನೆಲ್ ಒಂದಕ್ಕೆ 1, ಇನ್ನೊಂದಕ್ಕೆ 11 ಕೊಡಿ. ಎಷ್ಟೋ ಪ್ರಿಂಟರ್‌ಗಳಿಗೆ 2.4 ಬಿಟ್ಟು ಬೇರೆ ಗೊತ್ತಿಲ್ಲ, ಅದನ್ನು ಆಫ್ ಮಾಡಬೇಡಿ. ‘ಗೆಸ್ಟ್’ ವೈಫೈ ಸಾಧನಗಳನ್ನು ಬೇಕೆಂದೇ ಒಂದರಿಂದೊಂದು ದೂರ ಇಡುತ್ತದೆ, ಪ್ರಿಂಟರನ್ನಾಗಲಿ ಲ್ಯಾಪ್‌ಟಾಪನ್ನಾಗಲಿ ಅದಕ್ಕೆ ಸೇರಿಸಬೇಡಿ.

ಪ್ರಿಂಟರ್‌ಗೆ ಖಾಯಂ ವಿಳಾಸ

1. ಪ್ರಿಂಟರ್‌ನ ಸೆಟ್ಟಿಂಗ್ಸ್‌ನಿಂದ ನೆಟ್‌ವರ್ಕ್ ಪುಟ ಮುದ್ರಿಸಿ, ಅದರಲ್ಲಿರುವ ಹನ್ನೆರಡು ಅಕ್ಷರದ ಮ್ಯಾಕ್ ವಿಳಾಸ (ಆ ಯಂತ್ರದ್ದೇ ಆದ ಗುರುತು) ಗುರುತಿಸಿ.
2. ಬ್ರೌಸರ್‌ನಲ್ಲಿ 192.168.1.1 ತೆರೆದು ಲ್ಯಾನ್ ಅಥವಾ ಡಿಎಚ್‌ಸಿಪಿ ವಿಭಾಗದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಹುಡುಕಿ. ಆ ಮ್ಯಾಕ್‌ಗೆ 192.168.1.50 ಬರೆದು ಸೇವ್ ಮಾಡಿ. ರೂಟರ್ ಒಪ್ಪದಿದ್ದರೆ ಅದು ಹಂಚುವ ಶ್ರೇಣಿಯೊಳಗಿನ ಸಂಖ್ಯೆಯನ್ನೇ ಕೊಡಿ.
3. ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ.
4. ವಿಂಡೋಸ್‌ನಲ್ಲಿ ಹಳೇ ಪ್ರಿಂಟರ್ ತೆಗೆದು, ಹೊಸದು ಸೇರಿಸುವಾಗ ‘ಮ್ಯಾನುಯಲ್’ ಆರಿಸಿ, ಟಿಸಿಪಿ/ಐಪಿ ವಿಳಾಸ ಎಂಬಲ್ಲಿ 192.168.1.50 ಬರೆಯಿರಿ. ತಾನಾಗಿ ಹುಡುಕಲು ಬಿಟ್ಟರೆ ವಿಂಡೋಸ್ ಎಷ್ಟೋ ಸಲ ‘ಡಬ್ಲ್ಯುಎಸ್‌ಡಿ’ ಪೋರ್ಟ್ (ವಿಳಾಸ ಬರೆಯದೆ ಪ್ರಿಂಟರನ್ನು ತಾನೇ ಹುಡುಕಿಕೊಳ್ಳುವ ಬಗೆ) ಹಾಕುತ್ತದೆ. ರೂಟರ್ ಎದ್ದಾಗಲೆಲ್ಲ ಕೈಕೊಡುವುದು ಅದೇ.

ವಿಂಡೋಸ್ ಸೆಟ್ಟಿಂಗ್ಸ್‌ನಲ್ಲೇ ವೈಫೈ ಪ್ರಾಪರ್ಟೀಸ್ ತೆರೆದು ಜಾಲದ ಬಗೆ ‘ಪ್ರೈವೇಟ್’ ಇದೆಯೇ ನೋಡಿ. ‘ಪಬ್ಲಿಕ್’ ಇದ್ದರೆ ವಿಂಡೋಸ್ ಫೈರ್‌ವಾಲ್ ಮನೆಯವರನ್ನೂ ಹೊರಗೆ ನಿಲ್ಲಿಸುತ್ತದೆ.

ನೆಟ್ ಹೋದರೂ ಜಾಲ ಇದೆ

ಮರ ಬಿದ್ದು ಫೈಬರ್ ತುಂಡಾದರೆ ಹೋಗುವುದು ಇಂಟರ್ನೆಟ್ ಮಾತ್ರ, ಮನೆಯೊಳಗಿನ ಜಾಲ ಹಾಗೇ ಇರುತ್ತದೆ. ಫೋನಿಂದ ಲ್ಯಾಪ್‌ಟಾಪಿಗೆ ಕಡತ ಕಳಿಸಲು ಲೋಕಲ್‌ಸೆಂಡ್, ಫೋಲ್ಡರ್‌ಗಳನ್ನು ಸದಾ ಒಂದೇ ಸಮ ಇಡಲು ಸಿಂಕ್‌ಥಿಂಗ್ ಹಾಕಿಕೊಳ್ಳಿ. ಎರಡಕ್ಕೂ ಹೊರಗಿನ ನೆಟ್ ಬೇಡ.

ಇಂಥ ಹೊತ್ತಲ್ಲಿ ಲ್ಯಾಪ್‌ಟಾಪನ್ನು ಫೋನಿನ ಹಾಟ್‌ಸ್ಪಾಟಿಗೆ ಸೇರಿಸಿದಿರೋ, ಅದು ಮನೆಯ ವೈಫೈ ಬಿಟ್ಟುಹೋಗಿ ಪ್ರಿಂಟರ್ ಕಾಣೆಯಾಗುತ್ತದೆ. ವೈಫೈ ಹಾಗೇ ಇಟ್ಟು ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಮಾಡಿ. ಆಗಲೂ ವಿಂಡೋಸ್ ಸತ್ತ ವೈಫೈ ಕಡೆಗೇ ಓಡಿದರೆ ವೈಫೈ ಅಡಾಪ್ಟರ್‌ನ ಪ್ರಾಪರ್ಟೀಸ್, ಐಪಿವಿ4, ಅಡ್ವಾನ್ಸ್ಡ್‌ಗೆ ಹೋಗಿ ‘ಆಟೊಮ್ಯಾಟಿಕ್ ಮೆಟ್ರಿಕ್’ ಗುರುತು ತೆಗೆದು 500 ಬರೆಯಿರಿ. ಸಂಖ್ಯೆ ಚಿಕ್ಕದಿದ್ದ ದಾರಿಗೇ ಮೊದಲ ಮಣೆ, ಹಾಗಾಗಿ ಇಂಟರ್ನೆಟ್ ಫೋನಿನಿಂದ, ಪ್ರಿಂಟ್ ವೈಫೈಯಿಂದ. ಇದನ್ನು ಒಂದೇ ಸಲ ಮಾಡಿದರೆ ಸಾಕು.

ಮೇಜಿನ ಮೇಲೆ

ಮಾನಿಟರ್ ಕೊಳ್ಳುವ ಮುನ್ನ ಲ್ಯಾಪ್‌ಟಾಪಿನ ಟೈಪ್-ಸಿ ಪೋರ್ಟ್ ಚಿತ್ರ ಹೊರಡಿಸುತ್ತದೆಯೇ ಎಂದು ಅದರ ವಿವರಪಟ್ಟಿಯಲ್ಲಿ ನೋಡಿ. ಎಲ್ಲ ಟೈಪ್-ಸಿಗೂ ಆ ಶಕ್ತಿ ಇಲ್ಲ. ವೈರ್‌ಲೆಸ್ ಮೌಸ್ ತಡವರಿಸಿದರೆ ಬ್ಯಾಟರಿಯ ಮೇಲೆ ಅನುಮಾನಪಡುವ ಮೊದಲು ಅದರ ಡಾಂಗಲ್ ಯುಎಸ್‌ಬಿ 3 ಹಬ್ಬಿನ ಪಕ್ಕದಲ್ಲಿದೆಯೇ ನೋಡಿ. ಯುಎಸ್‌ಬಿ 3 ಚೆಲ್ಲುವ ಗದ್ದಲ 2.4 ಗಿಗಾಹರ್ಟ್ಸ್‌ನಲ್ಲೇ ಬರುತ್ತದೆ, ಒಂದಡಿ ಎಕ್ಸ್‌ಟೆನ್ಶನ್ ಕೇಬಲ್ ಸಾಕು.

ಮಳೆಗಾಲದಲ್ಲಿ ಪ್ರಿಂಟರ್ ಎರಡೆರಡು ಹಾಳೆ ಎಳೆಯುವುದಕ್ಕೆ ಕಾರಣ ಯಂತ್ರಕ್ಕಿಂತ ಹೆಚ್ಚಾಗಿ ಥಂಡಿ ಹಿಡಿದ ಕಾಗದ. ಟ್ರೇಯಲ್ಲಿ ಅವತ್ತಿಗೆ ಬೇಕಾದ ಹತ್ತಿಪ್ಪತ್ತು ಹಾಳೆ ಮಾತ್ರ ಇಟ್ಟು, ಉಳಿದದ್ದನ್ನು ಸಿಲಿಕಾ ಜೆಲ್ ಜೊತೆ ಬಿಗಿ ಮುಚ್ಚಳದ ಡಬ್ಬದಲ್ಲಿಡಿ, ಹಪ್ಪಳ ಇಡುತ್ತೀರಲ್ಲ, ಹಾಗೆ.

ಎಲ್ಲ ಮುಗಿದ ಮೇಲೆ ಮೇನ್ ಸ್ವಿಚ್ ಇಳಿಸಿ, ಐದು ನಿಮಿಷ ಬಿಟ್ಟು ಏರಿಸಿ, ಫೋನಿಂದ ಒಂದು ಪುಟ, ಲ್ಯಾಪ್‌ಟಾಪಿಂದ ಒಂದು ಪುಟ ಮುದ್ರಿಸಿ ನೋಡಿ. ಬರದಿದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ‘ping 192.168.1.50’ ಎಂದು ಬರೆದು ಪ್ರಿಂಟರ್ ಓಗೊಡುತ್ತದೆಯೇ ನೋಡಿ. ಉತ್ತರ ಬಂದರೆ ತಪ್ಪು ಡ್ರೈವರ್ ಅಥವಾ ಪೋರ್ಟಿನದ್ದು. ಬಾರದಿದ್ದರೆ ಪ್ರಿಂಟರ್‌ನ ನೆಟ್‌ವರ್ಕ್ ಪುಟ ಮತ್ತೆ ಮುದ್ರಿಸಿ. ಅಲ್ಲಿ 169.254 ಎಂದು ಶುರುವಾಗುವ ವಿಳಾಸ ಕಂಡರೆ ರೂಟರ್ ಏಳುವ ಮೊದಲೇ ಪ್ರಿಂಟರ್ ಎದ್ದು, ಕೇಳಿ ಸಾಕಾಗಿ, ತನಗೆ ತಾನೇ ವಿಳಾಸ ಕೊಟ್ಟುಕೊಂಡಿದೆ ಎಂದರ್ಥ. ಮಿನಿ ಯುಪಿಎಸ್‌ನ ಪಿನ್ ಸಡಿಲವಾಗಿದೆಯೇ ನೋಡಿ.